ಹಳದಿ ಗುಳಿಗೆ ಮತ್ತು ಯಳವತ್ತಿಯ ಎಳೆಬಿಸಿಲು

ನರ್ಸಿಂಗ್ ಕಲಿತು ಹೊಸದಾಗಿ ಕೆಲಸಕ್ಕೆ ಹೊರಟ ಹುಡುಗಿಯರ ಮುಂದೆ ನನ್ನನ್ನು ನಿಲ್ಲಿಸಿ, ‘ಹಿರಿಯರು ಸೇವೆಯ ಬಗ್ಗೆ ನಾಲ್ಕು ಮಾತು ಹೇಳಬೇಕು’ ಎಂದು ಕೇಳುವ ರೂಢಿ ಈಚೆಗೆ ಶುರುವಾಗಿದೆ. ನಾನು ಹೋಗುತ್ತೇನೆ. ಹಾರ ಹಾಕಿಸಿಕೊಳ್ಳುತ್ತೇನೆ. ಸೇವೆಯ ಬಗ್ಗೆ ಮಾತ್ರ ಏನೂ ಹೇಳುವುದಿಲ್ಲ, ಬಿಸಿಲಿನ ಬಗ್ಗೆ ಹೇಳುತ್ತೇನೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನರ್ಸ್ ಬಾಯಾರಿಗೆ ವಯಸ್ಸಾಯಿತು ಎಂದು ಅವರಿಗೆ ಅನ್ನಿಸುವುದು ನನಗೆ ಕಾಣುತ್ತದೆ. ಅನ್ನಿಸಲಿ. ಹತ್ತು ನಿಮಿಷದ ಭಾಷಣದಲ್ಲಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಟಗೇರಿಯ ನೇಕಾರರ ಮನೆಯವಳು. ಹೆಸರು ಸುಶೀಲಾ. ನರ್ಸ್ ಆದರೆ ಮದುವೆಯಾಗುವುದಿಲ್ಲ ಎಂದು ನಮ್ಮಪ್ಪ ಹೆದರಿಸಿದ್ದ. ಅವನ ಮಾತು ಖರೆಯಾಯಿತು, ನಾನೂ ತಕರಾರು ಮಾಡಲಿಲ್ಲ. ಬಡ್ತಿ ಯಾವಾಗ ಬಂತು, ಯಾರು ತಡೆದರು ಎಂಬುದನ್ನೆಲ್ಲ ಬರೆಯಲು ಹೋದರೆ ನನಗೆ ಸಿಟ್ಟು ಬರುತ್ತದೆ, ಓದುವವರಿಗೆ ನಿದ್ದೆ ಬರುತ್ತದೆ. ಅದನ್ನು ಬಿಟ್ಟಿದ್ದೇನೆ.

ಮೊದಲ ನೇಮಕ ಮುಂಡರಗಿಗೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಆದರೆ ಮುಂಡರಗಿಯಿಂದ ಮೂಡಣಕ್ಕೆ ಸ್ವಲ್ಪ ದೂರ ಹೋದರೆ ಅದು ಇನ್ನೂ ನಿಜಾಮನ ಸೀಮೆಯಾಗಿತ್ತು. ಗಡಿಯಾಚೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು ಊರ ಹೊರಗೆ ಬಿಡಾರ ಹೂಡಿದ್ದರು. ದವಾಖಾನೆಯಲ್ಲಿ ಜನವೋ ಜನ. ಡಾಕ್ಟರು ಕಟ್ಟಿಯವರು. ಅವರ ಕೈಗುಣ ಒಳ್ಳೆಯದು, ಬಾಯಿಗುಣ ಮಾತ್ರ ಬಹಳ ಕೆಟ್ಟದ್ದು. ಬೈಸಿಕೊಳ್ಳದೆ ಔಷಧ ಒಯ್ದವರು ‘ಇವತ್ತು ಡಾಕ್ಟರಿಗೆ ಆರಾಮಿಲ್ಲೇನ್ರಿ?’ ಎಂದು ನನ್ನನ್ನು ಕೇಳುತ್ತಿದ್ದರು.

ಆಗ ನಮ್ಮ ಕೈಯಲ್ಲಿದ್ದ ದೊಡ್ಡ ಅಸ್ತ್ರವೆಂದರೆ ಸಲ್ಫಾ ಗುಳಿಗೆ. ಎದೆಯ ಕಫಕ್ಕೂ ಅದೇ, ಕೀವು ತುಂಬಿದ ಗಾಯಕ್ಕೂ ಅದೇ. ಗಡಿಯ ನಾಕಾದಲ್ಲಿ ಕಾವಲಿದ್ದ ಯಮನಪ್ಪ ಎಂಬ ಪೊಲೀಸನಿಗೆ ಕಾಲಲ್ಲಿ ಮುಳ್ಳು ಮುರಿದು ಕೀವಾಗಿತ್ತು. ಗುಳಿಗೆ ಕೊಟ್ಟು ಕಳಿಸಿದೆವು. ಆತ ಗುಳಿಗೆ ನುಂಗುತ್ತ, ಕುಂಟುತ್ತ, ನೆರಳಿಲ್ಲದ ನಾಕಾದಲ್ಲಿ ಬಂದೂಕು ಹಿಡಿದು ನಿಂತ. ಕೆಲವು ದಿನ ಬಿಟ್ಟು ಬಂದಾಗ ಮುಖ, ಕುತ್ತಿಗೆ, ಮುಂಗೈ ಎಲ್ಲ ಕೆಂಪಗೆ ಊದಿಕೊಂಡಿದ್ದವು. ಕಟ್ಟಿ ಡಾಕ್ಟರು ದೂರದಿಂದಲೇ ನೋಡಿ ‘ದಡಾರ’ ಎಂದರು. ಬಿಡಾರದ ಮಕ್ಕಳಿಗೆ ಹಬ್ಬಿದರೆ ಏನು ಗತಿ? ಯಮನಪ್ಪನ ಜೊತೆ ನಾಕಾದ ಪೊಲೀಸರನ್ನೆಲ್ಲ ಚಾವಡಿಯಲ್ಲಿ ಹಾಕಿ ಕದ ಮುಚ್ಚಿಸಿದರು. ಆ ಮೂರು ದಿನ ನಾಕಾದ ಹತ್ತಿರ ಮೇಯುತ್ತಿದ್ದ ಒಂದು ಕತ್ತೆ ಗಡಿಯನ್ನು ಕಾಯಿತು. ಎರಡೂ ಕಡೆಯಿಂದ ಯಾವ ತಕರಾರೂ ಬರಲಿಲ್ಲ.

ಮೂರನೆಯ ದಿನ ಡಾಕ್ಟರು ಯಮನಪ್ಪನನ್ನು ಬೆಳಕಿಗೆ ನಿಲ್ಲಿಸಿ ಬಹಳ ಹೊತ್ತು ಅವನ ಮೊಣಕಾಲನ್ನೇ ನೋಡಿದರು. ಆಗಿನ ಪೊಲೀಸರಿಗೆ ಖಾಕಿ ಚಡ್ಡಿ, ಕಾಲಿಗೆ ಸುತ್ತಿದ ಪಟ್ಟಿ. ಎರಡರ ನಡುವೆ ಕಾಣುವುದು ಮೊಣಕಾಲು ಮಾತ್ರ. ಕಾಲಿನಲ್ಲಿ ಅದು ಮಾತ್ರ ಕೆಂಪಾಗಿತ್ತು.

“ಸುಶೀಲಾಬಾಯಿ, ಇಲ್ಲೆ ಬಾ,” ಎಂದರು. “ಇವನ ಚಡ್ಡಿ ಎಲ್ಲಿಗಿ ಮುಗೀತೈತಿ ಅನ್ನೂದು ದಡಾರಕ್ಕ ಹೆಂಗ ಗೊತ್ತಾತು?”

ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಟ್ಟರೆ ಬೈಯುತ್ತಾರೆ, ಕೊಡದಿದ್ದರೂ ಬೈಯುತ್ತಾರೆ. ಕೊಡದಿದ್ದರೆ ಶ್ರಮ ಉಳಿಯುತ್ತದೆ.

“ರೋಗ ಅಂಗಿ ನೋಡಿ ನಿಂದ್ರೂದಿಲ್ಲ. ಅಂಗಿ ನೋಡಿ ನಿಂದ್ರೂದು ಬಿಸಲ ಒಂದ. ಈ ಗುಳಿಗಿ ಹೊಟ್ಟ್ಯಾಗ ಇದ್ದಾಗ ಬಿಸಲ ಬಿದ್ರ ಕೆಲವ್ರ ಚರ್ಮ ಸುಡತೈತಿ. ಪುಸ್ತಕದಾಗ ಐತಿ, ನಾ ಓದಿದ್ದೆ. ಓದಿದ್ದು ತಲಿಗಿ ಬರಾಕ ಮೂರ ದಿನ ಹಿಡೀತು. ಕದಾ ತಗೀರಿ, ಪಾಪ, ಆ ಮಂದಿನ ಬಿಡ್ರಿ.”

ಪೊಲೀಸರು ಹೊರಗೆ ಬಂದರು. ಚಾವಡಿಯ ನೆರಳಲ್ಲಿ ಮೂರು ದಿನ ಉಂಡು ಮಲಗಿದ್ದವರಿಗೆ ಬಿಡುಗಡೆಯಿಂದ ಅಂಥ ಸಂತೋಷವೇನೂ ಆದಂತೆ ಕಾಣಲಿಲ್ಲ. ಕಟ್ಟಿ ಡಾಕ್ಟರರ ಬೈಗುಳ ನನಗೆ ಒಂದೂ ನೆನಪಿಲ್ಲ, ಅಂಗಿಯ ಮಾತು ಇವತ್ತಿಗೂ ಇದೆ.

ಅಲ್ಲಿಂದ ಗದಗಿಗೆ ಬಂದೆ. ಗದಗಿನಲ್ಲಿ ನಾನು ಕಲಿತದ್ದೇನೆಂದರೆ, ‘ಬಿಸಿಲಿಗೆ ಹೋಗಬೇಡಿ’ ಎಂದು ನಮ್ಮ ಸೀಮೆಯ ಮನುಷ್ಯನಿಗೆ ಹೇಳುವುದು ಮೀನಿಗೆ ಒದ್ದೆಯಾಗಬೇಡ ಎಂದು ಹೇಳಿದ ಹಾಗೆ. ಕುರ್ತಕೋಟಿಯ ಫಕೀರಪ್ಪ ಎಂಬ ರೈತನಿಗೆ ಗುಳಿಗೆ ಕೊಟ್ಟು ಈ ಮಾತು ಹೇಳಿದೆ. ಆತ ವಿನಯದಿಂದ ಕೇಳಿದ:

“ಆತ್ರಿ ಬಾಯಾರ, ಬಿಸಲಿಗಿ ಹೋಗೂದಿಲ್ಲ. ಆದ್ರ ನಮ್ಮ ಹೊಲಾನೂ ಅಲ್ಲೇ ಐತ್ರಿ.”

ಎರೆಯ ಹೊಲ. ಕಣ್ಣು ಹಾಯುವವರೆಗೆ ಕಪ್ಪು ನೆಲ, ಒಂದು ಗಿಡವಿಲ್ಲ. ಹಾಗಾದರೆ ತಲೆ, ಮುಖ, ಕೈ ಮುಚ್ಚುವಂತೆ ಏನಾದರೂ ಹೊದ್ದುಕೊಂಡು ಹೋಗು ಎಂದೆ. ಫಕೀರಪ್ಪ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಸುಡುಬಿಸಿಲಿನಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೊರಟ. ಕೊಪ್ಪೆ ಹಾಕುವುದು ಮಳೆಗೆ. ಅದೂ ಫಕೀರಪ್ಪ ಊರಿನಲ್ಲಿ ಮಳೆಯ ಲಕ್ಷಣ ಬಲ್ಲವನೆಂದು ಹೆಸರಾದವನು. ಅವನನ್ನು ನೋಡಿದ್ದೇ ತಡ, ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಬಾಚಿ ಬಾಚಿ ಒಳಗೆ ತುಂಬಿದರು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಮಳೆಯೂ ಇಲ್ಲ, ಒಣಗಿದ ಮೆಣಸಿನಕಾಯಿಯೂ ಇಲ್ಲ. ನಾಲ್ಕು ಹೆಂಗಸರು ಸೀದಾ ದವಾಖಾನೆಗೆ ಬಂದರು.

“ಏನ್ ಔಷಧಾ ಕೊಟ್ಟೀರಿ ಬಾಯಾರ ಅಂವಗ? ತಲಿ ಕೆಟ್ಟೈತಿ ನೋಡ್ರಿ ಆ ಫಕ್ಕೀರಂದು!”

ಫಕೀರಪ್ಪನ ಚರ್ಮಕ್ಕೆ ಏನೂ ಆಗಲಿಲ್ಲ. ಮಳೆಯ ವಿಷಯದಲ್ಲಿ ಅವನಿಗಿದ್ದ ಹೆಸರು ಮಾತ್ರ ಹೋಯಿತು.

ಗದಗಿನಲ್ಲಿದ್ದಾಗಲೇ ಏಕೀಕರಣವಾಯಿತು. ಆ ದಿನ ಪೇಢೆ ಹಂಚಿದೆವು, ಅತ್ತೆವು ಕೂಡ. ನಾನು ಸುಮ್ಮಸುಮ್ಮನೆ ಅಳುವವಳಲ್ಲ, ಆದರೂ ಅತ್ತೆ. ಆಮೇಲೆ ನನ್ನನ್ನು ಲಕ್ಷ್ಮೇಶ್ವರಕ್ಕೆ ವರ್ಗ ಮಾಡಿದರು. ಲಕ್ಷ್ಮೇಶ್ವರ ಮೊದಲು ಒಬ್ಬ ಸಂಸ್ಥಾನಿಕರದು, ಪಕ್ಕದ ಶಿರಹಟ್ಟಿ ಇನ್ನೊಬ್ಬರದು. ಆಮೇಲೆ ಎರಡೂ ಮುಂಬಯಿಯವು, ಈಗ ಎರಡೂ ಮೈಸೂರಿನವು. ಈ ಎಲ್ಲ ಬದಲಾವಣೆಯಿಂದ ತಡವಿಲ್ಲದೆ ಸುಧಾರಿಸಿದವನೆಂದರೆ ದವಾಖಾನೆಯ ಬೋರ್ಡು ಬರೆಯುವ ಪೇಂಟರ್.

ಹೊಸ ಡಾಕ್ಟರು ಶ್ರೀಕಂಠಯ್ಯನವರು ಮೈಸೂರು ಕಡೆಯವರು. ಲಕ್ಷ್ಮೇಶ್ವರವನ್ನೂ ಶಿರಹಟ್ಟಿಯನ್ನೂ ಅವರೊಬ್ಬರೇ ನೋಡಬೇಕು, ಹಾಗಾಗಿ ವಾರದಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಬಹಳ ಮೆತ್ತಗಿನ ಮನುಷ್ಯ. ರೋಗಿಗೂ ‘ದಯವಿಟ್ಟು ಕೂತ್ಕೊಳ್ಳಿ’ ಎನ್ನುವವರು. ಕಟ್ಟಿ ಡಾಕ್ಟರರಂಥವರನ್ನು ಕಂಡ ನಮ್ಮ ಜನ ಇವರ ವಿನಯಕ್ಕೆ ಹೆದರಿದರು. ಇಷ್ಟು ಮೆತ್ತಗೆ ಮಾತಾಡಬೇಕಾದರೆ ತಮ್ಮ ರೋಗ ಕೈಮೀರಿರಬೇಕು ಎಂದುಕೊಂಡರು. ಒಂದಾದ ನಾಡಿನ ಮೊದಲ ವರ್ಷಗಳಲ್ಲಿ ನಾನು ಡಾಕ್ಟರ ಕುರ್ಚಿಗೂ ರೋಗಿಯ ಸ್ಟೂಲಿಗೂ ನಡುವೆ ನಿಂತು ಕನ್ನಡದಿಂದ ಕನ್ನಡಕ್ಕೆ ಹೇಳುತ್ತಿದ್ದೆ.

ಅವರ ಕಾಲದಲ್ಲಿ ಹೊಸ ಆಂಟಿಬಯಾಟಿಕ್ ಬಂತು, ಹಳದಿ ಬಣ್ಣದ ಗುಳಿಗೆ. ಸೂಜಿ ಬೇಡ, ನುಂಗಿದರೆ ಸಾಕು. ಸಾಯುತ್ತಾರೆಂದು ಬಿಟ್ಟವರು ಎದ್ದು ಕೂತದ್ದನ್ನು ನಾನೇ ನೋಡಿದ್ದೇನೆ. ಆದರೆ ಬಿಸಿಲಿನ ಕಾಟ ಸಲ್ಫಾಕ್ಕಿಂತ ಇದರಲ್ಲಿ ಜಾಸ್ತಿ. ಮೇಲಿನ ಕಚೇರಿಯವರು ಎಚ್ಚರಿಕೆಯ ಚೀಟಿ ಅಚ್ಚು ಹಾಕಿಸಿ ಕಳಿಸಿದರು. ‘ಔಷಧೋಪಯೋಗ ಕಾಲದಲ್ಲಿ ಸೂರ್ಯಪ್ರಕಾಶಕ್ಕೆ ಶರೀರವನ್ನು ಒಡ್ಡತಕ್ಕದ್ದಲ್ಲ.’ ರೋಗಿಗಳು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲೆ ಇಟ್ಟರು.

ಈಗ ಯಳವತ್ತಿಗೆ ಬರುತ್ತೇನೆ. ಇಷ್ಟೆಲ್ಲ ಹೇಳಿದ್ದು ಅದಕ್ಕಾಗಿಯೇ.

ಯಳವತ್ತಿಯ ನೀಲವ್ವ ಎಂಬ ಹುಡುಗಿಗೆ ಮೊದಲ ಹೆರಿಗೆಯಾಗಿ ಕೆಲವು ತಿಂಗಳಾಗಿತ್ತು. ಎದೆಯಲ್ಲಿ ಕಫ ಕಟ್ಟಿ, ಜ್ವರ ನೆತ್ತಿಗೇರಿ, ಕಣ್ಣು ಮೇಲಾದ ಸ್ಥಿತಿಯಲ್ಲಿ ಚಕ್ಕಡಿಯಲ್ಲಿ ತಂದರು. ತಂದವಳು ಅತ್ತೆ, ಗಂಗವ್ವ. ದವಾಖಾನೆಯಲ್ಲಿ ಇದ್ದಷ್ಟು ದಿನವೂ ಆ ಹೆಂಗಸು ಸೊಸೆಯ ಮಗ್ಗುಲು ಬಿಟ್ಟು ಏಳಲಿಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಹಾಲಿಗೆ ಅತ್ತಾಗ ಸೊಸೆಯ ಎದೆಗೆ ಹಿಡಿದು, ಮತ್ತೆ ಎತ್ತಿಕೊಳ್ಳುತ್ತಿದ್ದಳು. ಗಂಡ ಸತ್ತವಳು, ಬರಿಗೈ, ಬರಿಹಣೆ. ಹಳದಿ ಗುಳಿಗೆ ಕೆಲಸ ಮಾಡಿತು, ಜ್ವರ ಇಳಿಯಿತು. ಉಳಿದ ಗುಳಿಗೆ ಮನೆಯಲ್ಲಿ ನುಂಗಲಿ ಎಂದು ಡಾಕ್ಟರು ಕಳಿಸಿಕೊಟ್ಟರು.

“ಗುಳಿಗಿ ಮುಗಿಯೂತನಾ ಬಿಸಲಾಗ ಹೊಲಕ್ಕ ಕಳಸಬ್ಯಾಡ ನೋಡ ಗಂಗವ್ವ,” ಎಂದೆ.

“ಹೊಲಕ್ಕ ಯಾಕ ಕಳಸ್ಲಿ ಬಾಯಾರ? ನನಗೇನ ಕರುಳಿಲ್ಲೇನು? ಹಸಿ ಬಾಣಂತಿ ನೋಡಿಕೊಂಡಂಗ ನೋಡಿಕೊಂತೀನಿ.”

ಆಡಿದ ಮಾತಿಗೆ ಆಕೆ ಎಳ್ಳಷ್ಟೂ ತಪ್ಪಲಿಲ್ಲ. ಅನಾಹುತವಾದದ್ದೇ ಅಲ್ಲಿ.

ಒಂದು ವಾರದ ಮೇಲೆ ನೀಲವ್ವನ ಗಂಡ ಶೇಖಪ್ಪ ದವಾಖಾನೆಯ ಕಂಬಕ್ಕೆ ಒರಗಿ ನಿಂತಿದ್ದ.

“ಬಾಯಾರ, ಆಕಿ ಮಾರಿ, ಕೈ, ಎಲ್ಲಾ ಸುಲದೈತ್ರಿ. ಊರಾಗ ದೊಡ್ಡ ರೋಗ ಅನ್ನಾಕತ್ತಾರ. ನಮ್ಮ ದೊಡ್ಡಪ್ಪ ಸೋಮವಾರ ಬಂಡಿ ಹೂಡಿ ಮುಳಗುಂದಕ್ಕ, ಆಕಿ ತವರಿಗಿ, ಕಳಸ್ತೀನಿ ಅಂದಾನ.”

“ಕೂಸು?”

“ಕೂಸು ನಮ್ಮ ಮನ್ಯಾಗ ಇರಬೇಕಂತ್ರಿ.”

“ನೀ ಏನಂದಿ?”

ಶೇಖಪ್ಪ ಕಂಬವನ್ನು ನೋಡಿದ. ಆತ ಏನೂ ಅಂದಿರಲಿಲ್ಲ. ದೊಡ್ಡಪ್ಪ ವೀರಪ್ಪ ಆ ಮನೆಯ ಯಜಮಾನ. ಅಪ್ಪನಿಲ್ಲದ ಶೇಖಪ್ಪನನ್ನು ಸಾಕಿ ಬೆಳೆಸಿದವನು. ಅವನೆದುರು ಈ ಹುಡುಗನ ಬಾಯಿ ಊಟಕ್ಕಲ್ಲದೆ ತೆರೆಯುತ್ತಿರಲಿಲ್ಲ. ದೊಡ್ಡ ರೋಗವೆಂದರೆ ನಮ್ಮ ಕಡೆ ಕುಷ್ಠ. ನನಗೆ ಮೈಯೆಲ್ಲ ಉರಿಯಿತು. ಡಾಕ್ಟರು ಶಿರಹಟ್ಟಿಯಲ್ಲಿದ್ದರು. ನಾನೇ ಹೊರಟೆ.

ದಾರಿಯಲ್ಲಿ ಬಳೆಗಾರ ಇಮಾಮಸಾಬ ಸಿಕ್ಕ. ಲಕ್ಷ್ಮೇಶ್ವರದವನು, ಬಳೆಗಳ ಮಲಾರ ಹೆಗಲಿಗೆ ಹಾಕಿ ಸುತ್ತಲಿನ ಹಳ್ಳಿಗಳಿಗೆಲ್ಲ ಬಳೆ ತೊಡಿಸುವವನು. ಎಲ್ಲಿಗೆ, ಯಾಕೆ ಎಂದು ಕೇಳಿದ. ಹೇಳಿದೆ.

“ಅಯ್ಯ, ನೀಲವ್ವ? ಆಕಿ ಬಸರಿದ್ದಾಗ ಕುಬಸಕ್ಕ ನಾನ ಬಳಿ ಇಡಿಸೀನ್ರಿ. ಎಷ್ಟ ಚಂದ ಕೈ ಆಕೀವು. ನಡೀರಿ, ನಾನೂ ಬರ್ತೀನಿ,” ಎಂದು ಚಕ್ಕಡಿ ಹತ್ತಿದ.

ನೀಲವ್ವನನ್ನು ಹಿತ್ತಲ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಮುಖದ ಚರ್ಮ ಕಪ್ಪಗೆ, ಕೆಂಪಗೆ, ಅಲ್ಲಲ್ಲಿ ಸುಲಿದು, ಬೊಕ್ಕೆ ಒಡೆದು, ಗುರುತು ಸಿಗದ ಹಾಗಾಗಿತ್ತು. ಮುಂಗೈ, ಪಾದದ ಮೇಲ್ಭಾಗವೂ ಹಾಗೇ. ಆದರೆ ಆಕೆ ಅದಕ್ಕಾಗಿ ಅಳುತ್ತಿರಲಿಲ್ಲ. ಒಳಮನೆಯಲ್ಲಿ ಕೂಸು ಹಾಲಿಗೆ ಅಳುತ್ತಿತ್ತು. ಅದು ಅತ್ತಾಗಲೆಲ್ಲ ಆಕೆಯ ಕುಪ್ಪಸ ಒದ್ದೆಯಾಗುತ್ತಿತ್ತು.

“ಬಾಯಾರ, ನನ್ನ ಕೂಸಿನ್ನ ಒಮ್ಮೆ ಕೊಡಸ್ರಿ. ಮಾರಿ ಮುಚ್ಚಿಕೊಂಡು ಕುಡಸ್ತೀನಿ,” ಎಂದಳು.

ನಾನು ಎಷ್ಟೋ ಸಾವು ನೋಡಿದವಳು. ಆ ಮಾತು ಕೇಳಿದ ಮೇಲೆ ಸ್ವಲ್ಪ ಹೊತ್ತು ನಾನು ಎತ್ತಿನ ಗೋದಲಿಯನ್ನು ನೋಡುತ್ತ ನಿಲ್ಲಬೇಕಾಯಿತು.

ಆಕೆಯ ಮುಂಗೈಯನ್ನು ಬೆರಳಿನಿಂದ ಮುಟ್ಟಿದೆ. ಚಿಟ್ಟನೆ ಚೀರಿದಳು. ಚೀರಿದ್ದು ಕೇಳಿ ನನಗೆ ಜೀವ ಬಂದ ಹಾಗಾಯಿತು. ದೊಡ್ಡ ರೋಗದ ಕಲೆಗೆ ಮುಟ್ಟಿದ್ದು ತಿಳಿಯುವುದಿಲ್ಲ. ಇದು ಸುಟ್ಟ ಚರ್ಮ. ಆದರೆ ಸುಟ್ಟದ್ದು ಎಲ್ಲಿ? ಹೊಲಕ್ಕೆ ಹೋಗಿಲ್ಲ, ಹೊರಗೆ ದುಡಿದಿಲ್ಲ. ಗಂಗವ್ವನನ್ನು ಕೇಳಿದೆ.

“ಮುಂಜಾನೆ ಎದ್ದ ಮ್ಯಾಲೆ ಎಲ್ಲಿ ಕುಂಡ್ರಸ್ತಿದ್ದಿ ಈಕಿನ್ನ?”

ಗಂಗವ್ವ ನನ್ನನ್ನು ಮುಂಬಾಗಿಲಿನ ಕಟ್ಟೆಗೆ ಕರೆದೊಯ್ದು ತೋರಿಸಿದಳು. ಮೂಡಣ ದಿಕ್ಕಿಗೆ ತೆರೆದ ಕಟ್ಟೆ.

“ಇಲ್ಲೇ ರೀ. ದಿನಾ ಮಾರಿಗಿ, ಕೈಕಾಲಿಗಿ ಕುಸುಬಿ ಎಣ್ಣಿ ತಿಕ್ಕಿ, ಗುಳಿಗಿ ನುಂಗಿಸಿ, ಎಳಿಬಿಸಲಾಗ ಕುಂಡ್ರಸ್ತಿದ್ದೆ. ಜ್ವರ ಬಿಟ್ಟ ಮೈಗಿ ಎಳಿಬಿಸಲ ಬಿದ್ರ ಕಸುವು ಬರತೈತಿ. ಕೆಂಪಾಗೂದು ನೋಡಿ, ರಕ್ತ ಆಗಾಕತ್ತೈತಿ ಅಂತ ಇನ್ನಷ್ಟ ಹೊತ್ತು ಕುಂಡ್ರಿಸಿದೆ. ಗುಳಿಗಿ ಒಂದೂ ತಪ್ಪಿಸಿಲ್ರಿ.”

ಹುಡುಗಿಯರೇ, ನಾನು ನಿಮಗೆ ಹೇಳಬೇಕಾದದ್ದು ಇದು. ನಮ್ಮ ಹಳ್ಳಿಗಳಲ್ಲಿ ಬಿಸಿಲು ಎಂದರೆ ಹೊಲದ ಬಿಸಿಲು. ಮುಂಜಾನೆ ಕಟ್ಟೆಯ ಮೇಲೆ ಬೀಳುವುದು ಉಪಚಾರ. ಕೂಸಿಗೆ, ಬಾಣಂತಿಗೆ, ಜ್ವರ ಬಿಟ್ಟವರಿಗೆ, ಮುದುಕರಿಗೆ ಅದನ್ನು ಕೊಡದ ಮನೆಯನ್ನು ಜನ ಆಡಿಕೊಳ್ಳುತ್ತಾರೆ. ಅದಕ್ಕೇ ‘ಬಿಸಿಲಿಗೆ ಹೋಗಬೇಡಿ’ ಎಂದು ಹೇಳಿ ಕೈ ತೊಳೆದುಕೊಳ್ಳಬೇಡಿ. ಮುಂಜಾನೆ ಎಲ್ಲಿ ಕೂಡುತ್ತೀರಿ, ಎಲ್ಲಿ ತಲೆ ಬಾಚಿಕೊಳ್ಳುತ್ತೀರಿ, ಎಲ್ಲಿ ಕಾಳು ಹಸನು ಮಾಡುತ್ತೀರಿ ಎಂದು ಕೇಳಿ. ಆಮೇಲೆ ಗುಳಿಗೆ ಕೊಡಿ.

ನಾನು ಗಂಗವ್ವನಿಗೆ ವಿಷಯ ಬಿಡಿಸಿ ಹೇಳಿದೆ. ಆಕೆ ಕಟ್ಟೆಯನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು. “ಹಂಗಾದ್ರ ನಾನ ಸುಟ್ಟೆನ್ರಿ?” ಎಂದಳು. ನೀನಲ್ಲ, ನಿನಗೆ ಗೊತ್ತಿರಲಿಲ್ಲ ಎಂದೆ. ಆಕೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಅಷ್ಟರಲ್ಲಿ ವೀರಪ್ಪ ಬಂದ, ಬೆನ್ನಿಗೆ ಓಣಿಯ ಮಂದಿ. ಮತ್ತೆ ಎಲ್ಲ ಹೇಳಿದೆ.

“ಏನ್ ಮಾತಂತ ಆಡ್ತೀರಿ ಬಾಯಾರ?” ಎಂದ. “ಗುಳಿಗಿ ನುಂಗಿ ಬಿಸಲಾಗ ಕುಂತ್ರ ಮಾರಿ ಸುಲೀತೈತೇನು? ನಾವು ಹುಟ್ಟಿದಾಗಿಂದ ಬಿಸಲಾಗ ಅದೀವಿ.”

ಆಗ ನನಗೆ ಯಮನಪ್ಪನ ಮೊಣಕಾಲು ನೆನಪಾಯಿತು. ನೀಲವ್ವನ ಎರಡೂ ಕೈಯಲ್ಲಿ ಹಸಿರು ಬಳೆ ಒತ್ತೊತ್ತಾಗಿ ಇದ್ದವು. ಬಳೆ ತೆಗೆದು ನೋಡೋಣ ಎಂದೆ. ಓಣಿಯ ಹೆಂಗಸರು ಒಂದೇ ಉಸಿರಿಗೆ “ಅಯ್ಯಯ್ಯ!” ಎಂದರು. ಮುತ್ತೈದೆಯ ಕೈ ಬರಿದು ಮಾಡುವುದು ಹೇಗೆ?

ದಾರಿ ತೋರಿಸಿದವನು ಇಮಾಮಸಾಬ. “ಕೈ ಬರಿದಾಗಾಕ ನಾ ಬಿಡೂದಿಲ್ಲ. ಮದ್ಲ ಅರಿಷಿಣದ ದಾರ ಕಟ್ರಿ. ಆಮ್ಯಾಲೆ ಒಂದೊಂದ ಬಿಡಸ್ತೀನಿ. ಒಂದೂ ಒಡಿಯೂದಿಲ್ಲ.”

ದಾರ ಕಟ್ಟಿದರು. ಊದಿದ ಕೈ ಅದು. ಇಮಾಮಸಾಬ ಬೆರಳು ಕೂಡಿಸಿ, ಎಣ್ಣೆ ಸವರಿ, ಮಾತಾಡಿಸುತ್ತ ಮಾತಾಡಿಸುತ್ತ ಒಂದೊಂದೇ ಬಳೆಯನ್ನು ಜಾರಿಸಿದ. ನೀಲವ್ವ ತುಟಿ ಕಚ್ಚಿಕೊಂಡು ಕೂತಳು. ಬಳೆ ಇದ್ದ ಜಾಗದಲ್ಲಿ ನಾಲ್ಕು ಬೆರಳಗಲ ಚರ್ಮ ಮದುವೆಯ ದಿನದ ಹಾಗೆ ನುಣ್ಣಗಿತ್ತು. ಅದರ ಮೇಲೆಯೂ ಕೆಳಗೂ ಸುಟ್ಟಿತ್ತು.

“ನೋಡ್ರಿ ಯಜಮಾನ್ರ,” ಎಂದೆ. “ದೊಡ್ಡ ರೋಗಕ್ಕ ಬಳಿ ಕಂಡ್ರ ಅಂಜಿಕೀನು?”

ಗುಂಪಿನಲ್ಲಿ ಗುಸುಗುಸು ಆಯಿತು. ನಾನು ಗೆದ್ದೆ ಅಂದುಕೊಂಡೆ. ವೀರಪ್ಪ ಬಗ್ಗಿ ನೋಡಿ, ಎದ್ದು ನಿಂತು, “ಅಲ್ಲಿಗಿ ಇನ್ನೂ ಬಂದಿಲ್ಲ. ನಾಳಿ ಬರತೈತಿ,” ಎಂದ.

ನನ್ನ ನಾಲಗೆ ಹಿಡಿತದಲ್ಲಿ ಉಳಿಯಲಿಲ್ಲ. ದೊಡ್ಡ ರೋಗವೇ ಆಗಿದ್ದರೂ ಅದಕ್ಕೆ ಔಷಧವಿದೆ, ಹಾಲು ಕುಡಿಯುವ ಕೂಸಿನಿಂದ ತಾಯಿಯನ್ನು ಕೀಳು ಎಂದು ಯಾವ ದೇವರು ಹೇಳಿದ್ದಾನೆ ಎಂದು ಕೂಗಾಡಿದೆ. ವೀರಪ್ಪ ಕೂಗಲಿಲ್ಲ. “ನೀವು ಬಂದು ಹೋಗಾವ್ರು ಬಾಯಾರ. ನನಗ ಮದವಿಗಿ ಬಂದ ಹೆಣ್ಣ ಹುಡುಗ್ಯಾರ ಅದಾರ. ಈ ಮನಿಗಿ ಆ ಹೆಸರ ಬಂತಂದ್ರ ಒಂದ ಮನಿಯಾವ್ರೂ ಬಾಗಲಾ ತುಳಿಯೂದಿಲ್ಲ. ಸೋಮವಾರ ಬಂಡಿ ಹೋಗೂದ ಖರೆ,” ಎಂದ. ದುಷ್ಟನಲ್ಲ ಆತ, ಹೆದರಿದವನು. ದುಷ್ಟನಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು.

ಹೊರಡುವ ಮುಂದೆ, ಬೇರೆ ಔಷಧ ಕೊಟ್ಟು, ಉಳಿದ ಹಳದಿ ಗುಳಿಗೆಗಳನ್ನು ವಾಪಸು ಕೊಡು ಎಂದೆ ಗಂಗವ್ವನಿಗೆ.

“ತಿಪ್ಪಿಗಿ ಒಗದೆನ್ರಿ,” ಎಂದಳು, ಮುಖ ಎತ್ತದೆ.

ಸರಕಾರದ ಔಷಧವನ್ನು ತಿಪ್ಪೆಗೆ ಎಸೆದದ್ದಕ್ಕೆ ಆಕೆಗೂ ಬೈದೆ. ಆ ದಿನ ಯಾರನ್ನೂ ಬಿಡಲಿಲ್ಲ. ನೀಲವ್ವ ಕೊಟ್ಟಿಗೆಯಲ್ಲೇ ಇರಲಿ ಎಂದೆ. ಊರವರು ಶಿಕ್ಷೆಯೆಂದು ಕೊಟ್ಟ ಕತ್ತಲೆಯ ಜಾಗವೇ ಆಕೆಗೆ ಬೇಕಾದ ಔಷಧವಾಗಿತ್ತು.

ನಾಲ್ಕು ದಿನ ಬಿಟ್ಟು, ಸೋಮವಾರ ಬೆಳಿಗ್ಗೆ ಶ್ರೀಕಂಠಯ್ಯನವರನ್ನು ಕರೆದುಕೊಂಡು ಹೊರಟೆ. ಬಿಡಿಸಿದ ಬಳೆಗಳನ್ನು ತೊಡಿಸಬೇಕೆಂದು ಇಮಾಮಸಾಬನೂ ಬಂದ. ಡಾಕ್ಟರು ಹೇಳಿದರೆ ವೀರಪ್ಪ ಕೇಳಿಯಾನು ಎಂಬ ಆಸೆ. ದಾರಿಯುದ್ದಕ್ಕೂ ಡಾಕ್ಟರು ಛತ್ರಿಯ ಕೆಳಗೆ ಕೂತು ತಮ್ಮ ಮಾತನ್ನು ತಯಾರು ಮಾಡಿಕೊಂಡರು. ಅದರಲ್ಲಿ ‘ದಯವಿಟ್ಟು’ ಬಹಳ ಇತ್ತು.

ನಾವು ಮುಟ್ಟುವ ಹೊತ್ತಿಗೆ ಬಂಡಿ ಹೂಡಿ ನಿಂತಿತ್ತು. ನೀಲವ್ವ ಮುಖದ ಮೇಲೆ ಸೆರಗು ಎಳೆದುಕೊಂಡು ಒಳಗೆ ಕೂತಿದ್ದಳು. ಮನೆಯೊಳಗೆ ಕೂಸು ಕಿರುಚುತ್ತಿತ್ತು. ಶೇಖಪ್ಪ ಎತ್ತಿನ ಹಗ್ಗ ಹಿಡಿದು ನಿಂತಿದ್ದ, ಕಣ್ಣಿಂದ ನೀರು ಇಳಿಯುತ್ತಿತ್ತು. ಊರೆಲ್ಲ ನೋಡುತ್ತಿದ್ದುದು ಬಂಡಿಯನ್ನಲ್ಲ, ಕಟ್ಟೆಯನ್ನು.

ಕಟ್ಟೆಯ ಮೇಲೆ ಎಳೆಬಿಸಿಲಿಗೆ ಮುಖವೊಡ್ಡಿ ಗಂಗವ್ವ ಕೂತಿದ್ದಳು. ಹಣೆ, ಮೂಗು, ಕೆನ್ನೆ ಸುಟ್ಟು ಕೆಂಪಾಗಿ ಬೊಕ್ಕೆ ಎದ್ದಿದ್ದವು. ಎರಡೂ ಮುಂಗೈ ಊದಿದ್ದವು. ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿದ್ದವು. ಎಡಗೈಯ ಮಣಿಕಟ್ಟಿಗೆ ಒಂದು ಅರಿವೆಯ ಪಟ್ಟಿ ಸುತ್ತಿಕೊಂಡಿದ್ದಳು.

ಗುಳಿಗೆಗಳು ತಿಪ್ಪೆಗೆ ಹೋಗಿರಲಿಲ್ಲ.

“ಭಾವಾರ,” ಎಂದಳು ವೀರಪ್ಪನಿಗೆ, ಸೆರಗು ಸರಿಮಾಡಿಕೊಂಡು. ಭಾವನೆದುರು ಆಕೆ ಎಂದೂ ದನಿಯೆತ್ತಿದವಳಲ್ಲ ಎಂದು ಆಮೇಲೆ ತಿಳಿಯಿತು. “ಭಾವಾರ, ಬಂಡ್ಯಾಗ ಇನ್ನೊಬ್ಬಾಕಿಗಿ ಜಾಗಾ ಮಾಡಸ್ರಿ. ನನಗೂ ದೊಡ್ಡ ರೋಗ ಬಂದೈತಿ.”

ವೀರಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ಆಕಿ ನುಂಗಿದ ಗುಳಿಗೀನ ನುಂಗೀನಿ. ಆಕಿ ಕುಂತಲ್ಲೇ ಕುಂತೀನಿ. ದಿನಾ ನೀವೂ ನೋಡೀರಿ, ‘ಬಿಸಲ ಕಾಯಸಾಕತ್ತಿ ಏನ್ ಬೇ’ ಅಂತ ನೀವ ಕೇಳೀರಿ. ಬಳಿ ಕೆಳಗ ನಾಳಿ ಬರತೈತಿ ಅಂದ್ರಲ್ಲಾ? ನನಗ ಬಳಿ ಇಲ್ಲ. ಅದಕ್ಕ ಇದನ್ನ ಕಟ್ಟಿಕೊಂಡೆ.”

ಆಕೆ ಎದ್ದು ಬಂದು ವೀರಪ್ಪನ ಮುಂದೆ ನಿಂತು ಪಟ್ಟಿಯನ್ನು ಬಿಚ್ಚಿದಳು. ಅದು ನೀಲವ್ವನ ಹಳೆಯ ಸೀರೆಯ ಅಂಚು. ಒಳಗೆ ಮಣಿಕಟ್ಟಿನ ಸುತ್ತ ನಾಲ್ಕು ಬೆರಳಗಲ ಚರ್ಮ ನುಣ್ಣಗಿತ್ತು. ಸೊಸೆಯ ಕೈಯಲ್ಲಿ ಇದ್ದ ಹಾಗೆಯೇ, ಗೆರೆ ಎಳೆದಂತೆ.

“ಕಾಲಿಗಿ ಬಿದ್ದು ಹೇಳಿದ್ರ ಕೇಳಲಿಲ್ಲ. ಕಣ್ಣಿಂದ ನೋಡ್ರಿ. ಇದು ರೋಗ ಅಂದ್ರ ಇಬ್ರನ್ನೂ ಕಳಸ್ರಿ. ಅಲ್ಲ ಅಂದ್ರ ಇಬ್ರನ್ನೂ ಇಳಸ್ರಿ.”

ವೀರಪ್ಪ ಆ ಕೈಯನ್ನು ನೋಡಿದ. ಆಮೇಲೆ ಹೋಗಿ, ಶೇಖಪ್ಪನ ಕೈಯಿಂದ ಹಗ್ಗ ಕಸಿದುಕೊಂಡು, ತಾನೇ ಎತ್ತುಗಳನ್ನು ನೊಗದಿಂದ ಬಿಚ್ಚಿದ. “ಕೂಸು ಅಳಾಕತ್ತೈತಿ, ಕೇಳಸೂದಿಲ್ಲೇನ್ಲೇ?” ಎಂದು ಶೇಖಪ್ಪನ ಮೇಲೆ ರೇಗಿದ. ಶೇಖಪ್ಪ ಒಳಗೆ ಓಡಿಹೋಗಿ ಮಗುವನ್ನು ತಂದು ಬಂಡಿಯಲ್ಲಿದ್ದ ನೀಲವ್ವನ ಕೈಗೆ ಕೊಟ್ಟ. ಕಿರುಚಾಟ ನಿಂತಿತು. ಆ ನಿಶ್ಶಬ್ದದಷ್ಟು ಸುಖ ನನ್ನ ನೌಕರಿಯಲ್ಲಿ ಇನ್ನೊಂದು ಸಿಕ್ಕಿಲ್ಲ.

ಶ್ರೀಕಂಠಯ್ಯನವರು ತಯಾರು ಮಾಡಿಕೊಂಡು ಬಂದಿದ್ದ ಮಾತು ಹಾಗೇ ಉಳಿಯಿತು. ಅವರು ಗಂಗವ್ವನ ಮುಖ ನೋಡಿ ಗಾಬರಿಯಾಗಿ, “ಇದು ತುಂಬಾ ಅಪಾಯದ ಕೆಲಸ ತಾಯಿ. ಒಬ್ಬರ ಔಷಧ ಇನ್ನೊಬ್ಬರು ಯಾವತ್ತೂ ತಗೋಬಾರದು. ದಯವಿಟ್ಟು ಇನ್ನು ಮುಂದೆ ಹೀಗೆ ಮಾಡಬೇಡಿ,” ಎಂದರು.

ಗಂಗವ್ವ ನನ್ನ ಕಡೆ ತಿರುಗಿದಳು. “ಏನಂತಾರ?”

“ನೀ ಭಾಳ ಗಟ್ಟಿ ಹೆಣ್ಮಗಳು ಅಂತಾರ,” ಎಂದೆ. ಒಂದಾದ ನಾಡಿನಲ್ಲಿ ನಾನು ಬೇಕೆಂದೇ ತಪ್ಪು ಹೇಳಿದ್ದು ಅದೊಂದೇ ಸಲ. ಅದನ್ನು ಈಗಲೂ ತಿದ್ದುವ ಮನಸ್ಸಿಲ್ಲ. ಆದರೆ ಹುಡುಗಿಯರೇ, ಡಾಕ್ಟರು ಹೇಳಿದ್ದೇ ಖರೆ, ಆಕೆಯ ಕಿಡ್ನಿಯೋ ಹೊಟ್ಟೆಯೋ ಕೆಡಬಹುದಿತ್ತು. ಈ ಕತೆ ಕೇಳಿ ಒಬ್ಬರ ಗುಳಿಗೆಯನ್ನು ಇನ್ನೊಬ್ಬರಿಗೆ ನುಂಗಲು ಬಿಡಬೇಡಿ.

ಕಟ್ಟೆಯಿಂದ ದೂರ, ಪಡಸಾಲೆಯ ನೆರಳಲ್ಲಿ ಇಮಾಮಸಾಬ ಮಲಾರ ಬಿಚ್ಚಿದ. ಕೂಸು ಎದೆಗೆ ಕಚ್ಚಿಕೊಂಡಿದ್ದ ಹಾಗೆಯೇ ನೀಲವ್ವ ಕೈ ಮುಂದೆ ಚಾಚಿದಳು. ಆತ ಅರಿಷಿಣದ ದಾರ ಬಿಚ್ಚದೆಯೇ ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದ. ಕೆಲಸ ಮುಗಿದ ಮೇಲೆ ಆತನ ಕಣ್ಣು ಪಕ್ಕದಲ್ಲಿ ಕೂತಿದ್ದ ಗಂಗವ್ವನ ಕೈಯ ಮೇಲೆ ನಿಂತಿತು. ಸುಟ್ಟ ಮುಂಗೈಯ ನಡುವೆ ನುಣ್ಣನೆಯ ಪಟ್ಟಿ, ಬಳೆ ತೊಟ್ಟು ಈಗಷ್ಟೇ ತೆಗೆದ ಹಾಗೆ. ಗಂಡ ಸತ್ತ ಮೇಲೆ ಆ ಕೈಯ ಮೇಲೆ ಬಳೆಯ ಗುರುತು ಮೂಡಿದ್ದು ಅವತ್ತೇ.

“ಗಂಗವ್ವ,” ಎಂದ ಇಮಾಮಸಾಬ ಮೆಲ್ಲಗೆ, “ನಿನ್ನ ಬಳಿ ಅಳತಿ ಎರಡೂಕಾಲ. ನಾ ಮರ್ತಿಲ್ಲವ್ವ.”

ಗಂಗವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳಲು ಹೋದವಳು ಹಾಗೇ ಬಿಟ್ಟಳು. ಅಷ್ಟು ದಿನ ಸುಟ್ಟುಕೊಂಡರೂ ಅಳದ ಹೆಂಗಸು ಆಗ ಅತ್ತಳು. ನಾನು ಆ ಕೈಗೆ ಮುಲಾಮು ಹಚ್ಚುತ್ತ, ಇನ್ನು ಒಂದು ವಾರ ಹೊಸ್ತಿಲು ದಾಟಿದರೆ ನೋಡು ಎಂದು ಬೈದೆ.